ಪಾಟೀಲ ಎಂಬುದು ಜಾತಿಯ ಹೆಸರಲ್ಲ

‘ಅಡ್ಡಹೆಸರು ಹೇಳಿ, ಜಾತಿ ಹೇಳುತ್ತೇವೆ’ ಎಂಬ ಪಟ್ಟಿಯೊಂದು ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. ಅದರ ಪ್ರಕಾರ ಪಾಟೀಲ ಎಂದರೆ ಲಿಂಗಾಯತ, ಕುಲಕರ್ಣಿ ಎಂದರೆ ಬ್ರಾಹ್ಮಣ, ಅಲ್ಲಿಗೆ ಮುಗಿಯಿತು. ಇದು ತಪ್ಪು.

ಇವು ಹುದ್ದೆಯ ಹೆಸರುಗಳು. ಊರಿನ ಕಂದಾಯ ವಸೂಲಿ, ಬಂದೋಬಸ್ತು ನೋಡಿಕೊಳ್ಳುತ್ತಿದ್ದವನು ಪಾಟೀಲ; ಅದರ ಲೆಕ್ಕ ಬರೆಯುತ್ತಿದ್ದವನು ಕುಲಕರ್ಣಿ. ಹಳೆ ಮೈಸೂರಿನಲ್ಲಿ ಇದೇ ಜೋಡಿಗೆ ಪಟೇಲ, ಶಾನುಭೋಗ ಎಂದರು. ಹಲವು ಊರುಗಳನ್ನು ಒಳಗೊಂಡ ಪರಗಣೆಯ ಮಟ್ಟದಲ್ಲಿ ದೇಸಾಯಿ, ದೇಶಪಾಂಡೆಯವರಿದ್ದರು. ಹುದ್ದೆ ವಂಶಪಾರಂಪರ್ಯವಾಗಿ ಬರುತ್ತಿತ್ತು, ಜೊತೆಗೆ ವತನದ, ಅಂದರೆ ಹುದ್ದೆಗೆಂದು ಬಿಟ್ಟುಕೊಟ್ಟ, ಜಮೀನೂ ಬರುತ್ತಿತ್ತು. ಹೀಗಾಗಿ ಹುದ್ದೆಯೇ ಮನೆತನದ ಹೆಸರಾಗಿ ನಿಂತಿತು.

ಯಾವ ಊರಿನಲ್ಲಿ ಯಾರು ಪ್ರಬಲರೋ ಅವರಿಗೆ ಪಾಟೀಲಕಿ. ಆದ್ದರಿಂದ ಉತ್ತರ ಕರ್ನಾಟಕದಲ್ಲಿ ಲಿಂಗಾಯತರಲ್ಲದೆ ಜೈನ, ಮರಾಠ, ರೆಡ್ಡಿ, ಮುಸ್ಲಿಂ ಪಾಟೀಲರೂ ಇದ್ದಾರೆ. ಲೆಕ್ಕಪತ್ರಕ್ಕೆ ಓದುಬರಹ ಬೇಕಿದ್ದುದರಿಂದ ಕುಲಕರ್ಣಿಕೆ ಹೆಚ್ಚಾಗಿ ಬ್ರಾಹ್ಮಣರ ಪಾಲಾಯಿತು, ಪಟ್ಟಿ ಮಾಡಿದವರಿಗೆ ಅಷ್ಟು ಅಂಕ ಕೊಡಬಹುದು. ಆದರೆ ಧಾರವಾಡದ ಕಡೆ ಲಿಂಗಾಯತ ಕುಲಕರ್ಣಿಗಳೂ ಸಿಗುತ್ತಾರೆ. ದೇಸಾಯಿಯಂತೂ ಗುಜರಾತಿನಲ್ಲೂ ಉಂಟು, ಮೊರಾರ್ಜಿಯವರೇ ಸಾಕ್ಷಿ.

ಪಟ್ಟಿಯಲ್ಲಿ ಗೋಕಾಕ ಎಂಬುದನ್ನೂ ಜಾತಿಸೂಚಕವೆಂದು ಸೇರಿಸಿದ್ದಾರೆ. ಅದು ಬೆಳಗಾವಿ ಜಿಲ್ಲೆಯ ಊರು! ಆ ಅಡ್ಡಹೆಸರಿನ ಕವಿ ವಿನಾಯಕ ಕೃಷ್ಣ ಗೋಕಾಕರು ಹುಟ್ಟಿದ್ದು ಮಾತ್ರ ಸವಣೂರಿನಲ್ಲಿ. ಊರಿನ ಹೆಸರು ಹೇಳುವುದು ಮನೆತನ ಎಲ್ಲಿಂದ ಬಂತೆಂಬುದನ್ನು ಮಾತ್ರ.

ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರಾಜ್ಯವು 1961ರ ಕಾಯ್ದೆಯ ಮೂಲಕ ರದ್ದುಪಡಿಸಿತು. ಹೆಸರು ಮಾತ್ರ ಮನೆಗಳಲ್ಲಿ ಉಳಿದುಕೊಂಡಿದೆ.