ಲಿಂಡಿಸ್‌ಫಾರ್ನ್: ಚಿತ್ರದಲ್ಲಿರುವ ಕೋಟೆ ಸನ್ಯಾಸಿಗಳ ಮಠವಲ್ಲ

ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಪುಟ್ಟ ದ್ವೀಪ ಲಿಂಡಿಸ್‌ಫಾರ್ನ್. ಅಲ್ಲಿನ ಗುಡ್ಡದ ಮೇಲಿರುವ ಕೋಟೆಯ ಚಿತ್ರ, ‘793ರಲ್ಲಿ ವೈಕಿಂಗರು (ಉತ್ತರ ಯುರೋಪಿನ ಕಡಲ ದಾಳಿಕೋರರು) ಲೂಟಿ ಮಾಡಿದ ಮಠ ಇದೇ’ ಎಂಬ ಒಕ್ಕಣೆಯೊಂದಿಗೆ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು.

ದಾಳಿ ನಡೆದದ್ದು ನಿಜ. ಆದರೆ ಕೋಟೆ ಕಟ್ಟಿದ್ದು 16ನೇ ಶತಮಾನದಲ್ಲಿ, ಮಠ ಮುಚ್ಚಿದ ಮೇಲೆ. ಅದಕ್ಕೆ ಮಠದ ಕಲ್ಲುಗಳನ್ನೇ ಬಳಸಿಕೊಂಡರು. 20ನೇ ಶತಮಾನದ ಆರಂಭದಲ್ಲಿ ವಾಸ್ತುಶಿಲ್ಪಿ ಲುಟ್ಯೆನ್ಸ್ ಅದನ್ನು ವಾಸದ ಮನೆಯಾಗಿ ಮಾರ್ಪಡಿಸಿದರು. ಹೌದು, ನಮ್ಮ ಹೊಸದಿಲ್ಲಿಯನ್ನು ರೂಪಿಸಿದವರೇ!

ಮಠದ ಅವಶೇಷ ಇರುವುದು ಕೋಟೆಯಿಂದ ದೂರ, ಊರಿನ ಪಕ್ಕದಲ್ಲಿ, ಸೇಂಟ್ ಮೇರಿ ಚರ್ಚಿಗೆ ಅಂಟಿಕೊಂಡಂತೆ. ಕಾಮನಬಿಲ್ಲಿನಂತೆ ಬಾಗಿ ಇನ್ನೂ ನಿಂತಿರುವ ಅಲ್ಲಿನ ಕಮಾನು ಕೂಡ ವೈಕಿಂಗರ ಕಾಲದ್ದಲ್ಲ, 12ನೇ ಶತಮಾನದಲ್ಲಿ ಮರಳಿ ಕಟ್ಟಿದ ಮಠದ್ದು. 635ರಲ್ಲಿ ಸಂತ ಏಡನ್ ಸ್ಥಾಪಿಸಿದ ಮೊದಲ ಮಠ ಈಗ ಕಣ್ಣಿಗೆ ಕಾಣುವಂತೆ ಉಳಿದಿಲ್ಲ. ಅಲ್ಲಿ ಬರೆದ ಪ್ರಸಿದ್ಧ ಸುವಾರ್ತೆಯ (ಬೈಬಲಿನಲ್ಲಿ ಯೇಸುವಿನ ಜೀವನ ಹೇಳುವ ಭಾಗ) ಹಸ್ತಪ್ರತಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ.

‘ಯಾವಾಗ ಬೇಕಾದರೂ ಕಾರಿನಲ್ಲಿ ಹೋಗಬಹುದು’ ಎಂಬ ಸಾಲೂ ಆ ವಾಟ್ಸಾಪ್ ಒಕ್ಕಣೆಯಲ್ಲಿದೆ. ದಯವಿಟ್ಟು ನಂಬಬೇಡಿ. ದ್ವೀಪಕ್ಕೆ ಹೋಗುವ ರಸ್ತೆ ಉಬ್ಬರದಲ್ಲಿ ದಿನಕ್ಕೆ ಎರಡು ಸಲ ಸಮುದ್ರದಲ್ಲಿ ಮುಳುಗುತ್ತದೆ. ಉಬ್ಬರದ ವೇಳಾಪಟ್ಟಿ ನೋಡದೆ ಹೊರಟವರ ಕಾರುಗಳು ನೀರಿಗೆ ಸಿಕ್ಕಿಬಿದ್ದದ್ದು ಎಷ್ಟೋ ಸಲ.