ದಾಸವಾಳದ ಮೇಲೊಂದು ಡೈರಿ

ಮೊದಲು ಬೈಸಿಕೊಂಡಿದ್ದು ಬಾವಲಿ. ಆಮೇಲೆ ಪಕ್ಕದ ಮನೆಯ ಮಗು. ದಾಸವಾಳದ ನೆರಳಲ್ಲಿ ನಿಲ್ಲಿಸುವ ನನ್ನ ಸ್ಕೂಟರಿನ ಸೀಟು ದಿನಾ ಬೆಳಗ್ಗೆ ಅಂಟಂಟು, ಯಾರೋ ಬೆಲ್ಲದ ಪಾಕ ಚಿಮುಕಿಸಿ ಹೋದ ಹಾಗೆ. ಒಂದು ದಿನ ಒರೆಸದೆ ಕೂತು ಮೈಸೂರಿನ ಕುವೆಂಪುನಗರದಿಂದ ಆಫೀಸಿಗೆ ಹೋದೆ. ಇಳಿಯಲು ಹೋದರೆ ಪ್ಯಾಂಟು ಸೀಟನ್ನು ಬಿಡಲಿಲ್ಲ. ಕೊನೆಗೆ ‘ಚರ್’ ಅಂತ ಬಿಟ್ಟಿತು. ಗೇಟಿನ ಸೆಕ್ಯೂರಿಟಿಯವರು ಪಾಪ, ಆಕಾಶ ನೋಡುತ್ತಾ ನಿಂತರು.

ನಮ್ಮದು ಗಿಡ ಅನ್ನೋ ಹಾಗಿಲ್ಲ, ಮರವೇ. ಮಹಡಿ ಕಿಟಕಿ ಮುಟ್ಟಿದೆ. ಬೆಳಗ್ಗೆ ಪ್ಲಾಸ್ಟಿಕ್ ಕವರ್ ಹಿಡಿದು ವಾಕಿಂಗ್ ಬರುವವರ ದಯೆಯಿಂದ ಅರ್ಧ ಬಡಾವಣೆಯ ದೇವರುಗಳಿಗೆ ಹೂ ಹೋಗುವುದು ಇಲ್ಲಿಂದಲೇ. ಅವತ್ತು ಸಂಜೆ ಮೊದಲ ಸಲ ಕತ್ತೆತ್ತಿ ಎಲೆಯ ಅಡಿ ನೋಡಿದೆ. ಚಿಗುರಿನ ಬುಡದಲ್ಲೆಲ್ಲ ಕೊಬ್ಬರಿ ತುರಿ ಮೆತ್ತಿದಂತೆ ಬಿಳಿ ಬಿಳಿ. ಗಿಡದ ರಸ ಹೀರುವ ಹಿಟ್ಟು ತಿಗಣೆ! ಕೆಳಗಿನ ಎಲೆಗಳ ಮೇಲೆ ಒಲೆ ಮೇಲಿನ ಪಾತ್ರೆಯ ಹಾಗೆ ಮಸಿ. ಕಾಂಡದ ಮೇಲೆ ಇರುವೆಗಳ ಸಾಲು, ಒಂದು ಹತ್ತಲು, ಒಂದು ಇಳಿಯಲು. ನಮ್ಮ ರಿಂಗ್ ರೋಡಿನಲ್ಲೂ ಇಷ್ಟು ಶಿಸ್ತಿಲ್ಲ.

ಬೇವಿನೆಣ್ಣೆ ತಂದೆ. ಲೀಟರ್ ನೀರಿಗೆ 5 ಎಂಎಲ್, ಜೊತೆಗೆ ಸ್ವಲ್ಪ ಸೋಪು ಅಂತ ನರ್ಸರಿಯವರು ಹೇಳಿದ್ದರು. ಎಣ್ಣೆ ನೆನಪಿತ್ತು, ಸೋಪು ಮರೆತೆ. ಸೋಪಿಲ್ಲದೆ ಎಣ್ಣೆ ನೀರಿಗೆ ಬೆರೆಯುವುದಿಲ್ಲ, ತೇಲುತ್ತದೆ. ಸ್ಪ್ರೇಯರಿನ ಕೊಳವೆ ತಳದಿಂದ ಎಳೆಯುತ್ತದೆ. ಹಾಗಾಗಿ ಇಡೀ ಮರಕ್ಕೆ ಶುದ್ಧ ಕಬಿನಿ ನೀರಿನ ಅಭಿಷೇಕ. ಕೊನೆಯ ಒಂದು ಕೊಂಬೆಗೆ ಮಾತ್ರ ಅಪ್ಪಟ ಬೇವಿನೆಣ್ಣೆ. ಅದೂ ಮಟಮಟ ಮಧ್ಯಾಹ್ನ. ಎರಡೇ ದಿನದಲ್ಲಿ ಆ ಕೊಂಬೆಯ ಎಲೆಗಳು ಸುಟ್ಟ ಹಪ್ಪಳ. ತಿಗಣೆಗಳು ಸ್ನಾನ ಮುಗಿಸಿ ಆರಾಮಾಗಿದ್ದವು.

ಅಷ್ಟರಲ್ಲಿ ಪಾಂಡವಪುರದಿಂದ ಸೋದರಮಾವ ಬಂದರು. ಮರ ನೋಡಿ ನಕ್ಕರು.

“ಬಿಳೀವು ಇರುವೆಗಳ ಹಸ ಕಣ್ಲಾ. ನೀನು ಹಸೂಗೆ ನೀರು ಹೊಯ್ತಾ ಕುಂತಿದ್ದೀಯ, ದನ ಕಾಯೋರ್ನ ಸುಮ್ನೆ ಬಿಟ್ಟಿದ್ದೀಯ.”

ಮಾತು ನಿಜ. ಗಿಡದ ರಸದಲ್ಲಿ ಸಕ್ಕರೆ ಜಾಸ್ತಿ, ಪ್ರೋಟೀನ್ ಕಮ್ಮಿ. ತಿಗಣೆ ತನಗೆ ಬೇಕಾದ್ದು ಸಿಗಲಿ ಅಂತ ಹೀರುತ್ತಲೇ ಇರುತ್ತದೆ, ಮಿಕ್ಕ ಸಿಹಿಯನ್ನು ಹಿಂದಿನಿಂದ ಬಿಡುತ್ತದೆ. ನನ್ನ ಸೀಟಿನ ಮೇಲಿದ್ದದ್ದು ಅದೇ. ಪ್ಯಾಂಟನ್ನು ಇನ್ನೊಮ್ಮೆ ಒಗೆಯಲು ಹಾಕಿದೆ. ಆ ಅಂಟಿನ ಮೇಲೆ ಬೆಳೆಯುವ ಬೂಸ್ಟೇ ಎಲೆಯ ಮಸಿ. ಇರುವೆಗೆ ಆ ಸಿಹಿಯೇ ಹಾಲು. ಅದಕ್ಕೇ ತಿಗಣೆ ತಿನ್ನಲು ಬಂದವರನ್ನು ಕಚ್ಚಿ ಓಡಿಸುತ್ತದೆ.

ಮಾವನ ಆಜ್ಞೆಯಂತೆ ಕಾಂಡಕ್ಕೆ ಹಳೇ ಬಟ್ಟೆ ಬಿಗಿಯಾಗಿ ಸುತ್ತಿ ಮೇಲೆ ಗ್ರೀಸ್ ಬಳಿದೆ. ತೊಗಟೆಗೇ ಬಳಿದರೆ ಮರಕ್ಕೆ ಕೆಟ್ಟದ್ದಂತೆ. ಗೋಡೆ ಮುಟ್ಟುತ್ತಿದ್ದ ಕೊಂಬೆಗಳನ್ನೂ ಕತ್ತರಿಸಿದೆ. ಕೆಲಸ ಮುಗಿದ ಖುಷಿಯಲ್ಲಿ ಮಾವ ಕಾಫಿ ಲೋಟ ಹಿಡಿದು ಮರಕ್ಕೇ ಒರಗಿದರು. ಬಿಳಿ ಪಂಚೆ, ಬಿಳಿ ಷರಟು. ಮುಂದಿನದು ಹೇಳುವುದಿಲ್ಲ, ಅವರೂ ಇದನ್ನು ಓದುತ್ತಾರೆ.

ವಾರವಾದರೂ ಮೇಲಿನ ಇರುವೆಗಳು ಕಮ್ಮಿಯಾಗಲಿಲ್ಲ. ಗ್ರೀಸಿನ ಮೇಲೆ ಒಂದೂ ಇಲ್ಲ, ಆದರೆ ಮರದ ತುಂಬಾ ಇವೆ! ಹೆಂಡತಿ ಬಟ್ಟೆ ತೆಗೆಯಲು ಹೋದಾಗ ಗುಟ್ಟು ಗೊತ್ತಾಯಿತು. ಬಟ್ಟೆ ಒಣಹಾಕುವ ಹಗ್ಗದ ಒಂದು ತುದಿ ಕಾಂಪೌಂಡಿಗೆ, ಇನ್ನೊಂದು ತುದಿ ಮರಕ್ಕೆ. ನನ್ನ ಬನಿಯನ್ನುಗಳ ಮೇಲೆ ಫ್ಲೈಓವರ್! ಇತ್ತ ಅಮ್ಮ ಶನಿವಾರ ಶನಿವಾರ ಇರುವೆಗಳಿಗೆ ಸಕ್ಕರೆ ಹಾಕುವುದೂ ಅದೇ ಕಾಂಪೌಂಡಿನ ಬುಡದಲ್ಲಿ. ಹಗ್ಗ ಬಿಚ್ಚಿದೆ. ಸಕ್ಕರೆಯ ವಿಷಯ ಎತ್ತುವ ಧೈರ್ಯ ಬರಲಿಲ್ಲ.

ಆಮೇಲೆ ಸೋಪು ಸೇರಿಸಿ, ಸಂಜೆ ಹೊತ್ತು, ಎಲೆಯ ಅಡಿಗೆ ಸರಿಯಾಗಿ ಹೊಡೆದೆ. ತಿಗಣೆ ಇಳಿಯಿತು. ಆದರೆ ಕೆಲವು ದಪ್ಪ ಬಿಳಿ ಹುಳುಗಳು, ಮೈತುಂಬಾ ಹತ್ತಿಯ ಕುಚ್ಚು, ಸರಸರ ಓಡಾಡುತ್ತಿದ್ದವು. ತಿಗಣೆಗಳ ಯಜಮಾನರು ಅಂದುಕೊಂಡು ಹಲ್ಲುಜ್ಜುವ ಹಳೇ ಬ್ರಷ್ಷಿನಲ್ಲಿ ಹದಿನೇಳನ್ನು ಒರೆಸಿ ಹಾಕಿದೆ. ಫೋಟೋ ನೋಡಿದ ನರ್ಸರಿಯವರು ತಲೆ ಚಚ್ಚಿಕೊಂಡರು. ಅವು ಕ್ರಿಪ್ಟೋಲೀಮಸ್ ಅನ್ನುವ ಗುಲಗಂಜಿ ಹುಳದ ಮರಿಗಳು, ತಿಗಣೆಗಳನ್ನು ತಿನ್ನಲು ಬಂದವು, ನೋಡಲು ಮಾತ್ರ ತಿಗಣೆಯ ಹಾಗೇ! 1898ರಲ್ಲಿ ಕಾಫಿಯ ಕೀಟ ತಿನ್ನಲಿ ಅಂತ ಆಸ್ಟ್ರೇಲಿಯಾದಿಂದ ಭಾರತಕ್ಕೆ ತರಿಸಿಕೊಂಡ ಜಾತಿ. ಅಷ್ಟು ದೂರದಿಂದ ಬಂದ ನೆಂಟರ ಮರಿಮಕ್ಕಳನ್ನು ಬ್ರಷ್ಷಿನಲ್ಲಿ ಉಜ್ಜಿದ್ದೆ.

ಈಗ ಸ್ಪ್ರೇ ನಿಲ್ಲಿಸಿದ್ದೇನೆ. ಇರುವೆಗಳ ಕಾವಲಿಲ್ಲ, ಉಳಿದ ಮರಿಗಳು ನಿಧಾನವಾಗಿ ಮೇಯುತ್ತಿವೆ. ಮೊನ್ನೆ ಪೂಜೆ ಹೊತ್ತಿಗೆ ಹೆಂಡತಿ ಕಿರುಚಿದಳು. ಹೂವಿನ ಜೊತೆ ಬಂದ ಒಂದು ಬಿಳಿ ಮರಿ ಗಣಪತಿಯ ಸೊಂಡಿಲ ಮೇಲೆ ನಡೆಯುತ್ತಿತ್ತು. ಎಲೆಯ ಮೇಲೆ ಹತ್ತಿಸಿಕೊಂಡು ಹೋಗಿ, ಮರದ ಕೊಂಬೆಗೆ ಬಿಟ್ಟು, ಜಾರದಿರಲಿ ಅಂತ ಕಾಂಡ ಹಿಡಿದುಕೊಂಡೆ.

ಅಂಗೈ ತುಂಬಾ ಗ್ರೀಸು.