ವಿಧೇಯತೆ ಅಂದ್ರೆ ಬಾಯಿ ಮುಚ್ಚಿಕೊಂಡಿರೋದಲ್ಲ

ಮೈಕ್ ಹಿಡಿಯೋದಷ್ಟೇ ಸೇವೆಯಲ್ಲ, ಸಭಾಲಯದ ಕಸ ಗುಡಿಸೋದೂ ಸೇವೆಯೇ ಎಂದು ಚರ್ಚಿನ ಸೇವೆ, ವಿಧೇಯತೆ ಕುರಿತ ಲೇಖನದಲ್ಲಿ ಲೇಖಕರು ಬರೆದದ್ದು ಸರಿ. ನಮ್ಮ ಬಳ್ಳಾರಿ ಬಿಸಿಲಲ್ಲಿ ಆರಾಧನೆಗೆ ಮುಂಚೆಯೇ ಬಂದು ಕುಡಿಯೋ ನೀರು ತುಂಬಿಡುವ ಅಕ್ಕಂದಿರ ಹೆಸರು ಯಾವ ಬ್ಯಾನರಿನಲ್ಲೂ ಇರಲ್ಲ. (ಬ್ಯಾನರಿನಲ್ಲಿ ಇರೋರೂ ಆ ನೀರನ್ನೇ ಕುಡೀತಾರೆ, ಅದು ಬೇರೆ ಮಾತು.)

ಆದರೆ ಹಿರಿಯರು ಹೇಳಿದ್ದನ್ನು ಪ್ರಶ್ನಿಸದೆ ಮಾಡುವುದೇ ದೀನ ವಿಧೇಯತೆ ಅಂದಿದ್ದೀರಲ್ಲ ಸರ್, ಅದಕ್ಕೆ ನನ್ನ ಒಪ್ಪಿಗೆಯಿಲ್ಲ. ಬೈಬಲಿನ ಎರಡನೇ ಅರಸುಗಳು ಪುಸ್ತಕದ 5ನೇ ಅಧ್ಯಾಯ ತೆಗೆದು ನೋಡಿ. ಸೆರೆಯಾಗಿ ಬಂದ ಹುಡುಗಿ, ಹೆಸರೂ ಇಲ್ಲ. ಸಮಾರ್ಯದ ಪ್ರವಾದಿ ಎಲೀಷನ ಹತ್ತಿರ ಹೋದರೆ ಒಡೆಯನ, ಅಂದ್ರೆ ಅರಾಮ್ ದೇಶದ ಸೇನಾಪತಿ ನಾಮಾನನ ಕುಷ್ಠ ವಾಸಿಯಾಗುತ್ತೆ ಅಂತ ಯಜಮಾನಿಗೆ ತಾನಾಗಿಯೇ ಹೇಳ್ತಾಳೆ. ಯೊರ್ದನ್ ಹೊಳೆಯಲ್ಲಿ ಏಳು ಸಲ ಸ್ನಾನ ಮಾಡು ಅಂತ ಪ್ರವಾದಿ ಹೇಳಿ ಕಳಿಸಿದಾಗ ನಾಮಾನ ಸಿಟ್ಟಾಗಿ ಹೊರಟೇಬಿಟ್ಟ. ದಮಸ್ಕದ ಹೊಳೆಗಳೇ ಮೇಲು ಅಂತ ಬೇರೆ! ತಡೆದು ಬುದ್ಧಿ ಹೇಳಿದ್ದು ಅವನ ಆಳುಗಳು. ವಿಧೇಯನಾಗಬೇಕಾಗಿದ್ದು ಸೇನಾಪತಿ, ದಾರಿ ತೋರಿಸಿದ್ದು ಚಿಕ್ಕವರು. ಪ್ರವಾದಿಯ ಪಕ್ಕದಲ್ಲೇ ಇದ್ದ ಸೇವಕ ಗೇಹಜಿಯೋ, ನಾಮಾನನಿಗೆ ಸುಳ್ಳು ಹೇಳಿ ಬೆಳ್ಳಿ ಬಟ್ಟೆ ಇಸಕೊಂಡ.

1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಪಾದ್ರಿ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತಂದರು ಅಂತ ಹೆಮ್ಮೆಯಿಂದ ಹೇಳ್ತೀವಿ. ಅವರಿಗೆ ಕನ್ನಡ ಕಲಿಸಿದವರು ಯಾರು, ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ? ಅಪೊಸ್ತಲ ಪೌಲ ಹೇಳಿದ್ದನ್ನು ಬರೆದುಕೊಂಡ ತೆರ್ತ್ಯನಿಗೆ ಬೈಬಲಿನಲ್ಲಿ ರೋಮಾಪುರದವರಿಗೆ ಬರೆದ ಪತ್ರದಲ್ಲಿ (16:22) ಒಂದು ವಾಕ್ಯವಾದರೂ ಸಿಕ್ಕಿತು. ಸಭೆಯ ಸ್ಮರಣಸಂಚಿಕೆ ತರುವವರು ಪಾಸ್ಟರುಗಳ ಫೋಟೋ ಜೊತೆಗೆ ಮನೆಮನೆ ಸುತ್ತಿ ಬೈಬಲ್ ಓದಿ ಹೇಳಿದ ‘ಬೈಬಲ್ ಸ್ತ್ರೀ’ಯರ ಹೆಸರನ್ನೂ ಹುಡುಕಿ ಹಾಕಲಿ.